ಅಕ್ಕೋರು ಕೇಳಿದ ಸಾಕ್ಷಿ

ಸಿಮೆಂಟಿನಲ್ಲಿ ಸವೆದು ಅಕ್ಕೋರ ಬೆರಳ ತುದಿಗಳು ಗಾಜಿನಂತೆ ನುಣುಪಾಗಿದ್ದವು. ಬೈಬಲಿನ ತೆಳ್ಳನೆಯ ಹಾಳೆ ತಿರುವಲು ಹೋದರೆ ಬೆರಳು ಜಾರುತ್ತಿತ್ತು. ಉಗುಳು ಹಚ್ಚಿದರೆ ನಾಲ್ಕು ಹಾಳೆ ಒಟ್ಟಿಗೆ ಬರುತ್ತಿದ್ದವು. "ಇರ್ರಿ, ಸ್ವಾಮಿ ಮುಂದ ಹೋಗಿಬಿಟ್ಟ" ಎಂದು ನಗುತ್ತಾ ಹಿಂದಕ್ಕೆ ತಿರುವುತ್ತಿದ್ದರು.

ರಾಯಚೂರಿನ ಕಡೆಯಿಂದ ಬಂದ ನಮ್ಮಂಥ ಕೂಲಿಯವರ ತಗಡಿನ ಶೆಡ್ಡುಗಳು ಆಗ ಮಾದಾಪುರದ ಬಂಡೆಗಳ ನಡುವೆ ಇದ್ದವು. ಕಂಪ್ಯೂಟರ್ ಕಂಪನಿಗಳಿಗಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಕ್ಕೋರೂ ವಾರವೆಲ್ಲ ತಲೆಯ ಮೇಲೆ ಗಾರೆ ಹೊರುತ್ತಿದ್ದರು. ಭಾನುವಾರ ಸಿಕಂದರಾಬಾದಿನ ಕನ್ನಡ ಪ್ರಾರ್ಥನೆಗೆ ಹೋಗಿಬಂದು, ಮಧ್ಯಾಹ್ನ ಶೆಡ್ಡಿನ ಮಕ್ಕಳಿಗೆ ಸುವಾರ್ತೆಯ ಕಥೆ ಹೇಳುತ್ತಿದ್ದರು. ಮಿಷನ್ ಹಾಸ್ಟೆಲಿನಲ್ಲಿ ಏಳನೆಯವರೆಗೆ ಓದಿದ ವಿಧವೆ. ಕಲಿಸುವವರೆಂದು ನಾವೆಲ್ಲ ಅಕ್ಕೋರು ಅನ್ನುತ್ತಿದ್ದೆವು.

"ಹನ್ನೆರಡು ಮಂದಿ ಶಿಷ್ಯರ ಹೆಸರು ಬಾಯಿಪಾಠ ಹೇಳ್ತೀರಿ. ಅವರ ಜೋಡಿ ಊರೂರು ನಡೆದು, ಅವರ ಹೊಟ್ಟಿಗೆ ಹಾಕಿದ ಹೆಣ್ಮಕ್ಕಳ ಹೆಸರು ಹೇಳ್ರಿ ನೋಡೋಣ" ಎನ್ನುವರು. ಮಗ್ದಲದ ಮರಿಯಳು, ಯೋಹಾನಳು, ಸುಸನ್ನಳು, ಸಲೋಮೆ ಎಂದು ಅವರೇ ಬೆರಳು ಮಡಿಚುವರು. ಗಂಡಸರು ಓಡಿಹೋದ ಮೇಲೂ ಶಿಲುಬೆ ಕಾಣುವಷ್ಟು ದೂರದಲ್ಲಿ ನಿಂತವರು ಇವರು ಎನ್ನುವಾಗ ಅವರ ದನಿ ಗಟ್ಟಿಯಾಗುತ್ತಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಪಕ್ಕದ ಶೆಡ್ಡಿನ ಹೊಸ ಮದುವೆಯ ಹುಡುಗಿ ಆರನೆಯ ಮಹಡಿಯ ಅಟ್ಟಣಿಗೆಯಿಂದ ಬಿದ್ದು ಸತ್ತಳು. ಹಿಂದಿನ ದಿನ ಅಪ್ಪನಿಗೆ ಬುತ್ತಿ ಕೊಡಲು ಅಲ್ಲಿಗೆ ಹೋಗಿದ್ದೆ. ಅಕ್ಕೋರು ಸೂಪರ್‌ವೈಸರಿಗೆ "ಅಟ್ಟಣಿಗಿ ಹಗ್ಗ ಸಡಿಲಾಗೈತ್ರಿ, ಯಾರನ್ನೂ ಹತ್ತಿಸಬ್ಯಾಡ್ರಿ" ಎಂದದ್ದನ್ನೂ, ನಿನ್ನ ಕೆಲಸ ನೀನು ನೋಡಿಕೋ ಎಂದು ಅವನು ತೆಲುಗಿನಲ್ಲಿ ಗದರಿದ್ದನ್ನೂ ಕಿವಿಯಾರೆ ಕೇಳಿದ್ದೆ.

ಪೊಲೀಸರು ಬಂದಾಗ ನಮ್ಮ ಕೂಲಿಯವರ ಮೇಸ್ತ್ರಿಯು ಅವಳು ಬಸುರಿ, ತಲೆಸುತ್ತು ಬಂದು ಬಿದ್ದಳು ಎಂದ. ಕೆಲಸ ಹೋಗುವ ಭಯಕ್ಕೆ ಗಂಡಸರೆಲ್ಲ ಹೌದೆಂದರು, ನನ್ನಪ್ಪನೂ. ಅಕ್ಕೋರು ಹಗ್ಗದ ಮಾತೆತ್ತಿದರು. ಬರೆದುಕೊಳ್ಳುತ್ತಿದ್ದ ಪೊಲೀಸ ತಲೆ ಎತ್ತಲಿಲ್ಲ. ಆಗ ನನ್ನತ್ತ ತಿರುಗಿದರು.

"ನೀನೂ ಕೇಳೀಯಲ್ಲ ತಂಗಿ, ಹೇಳು."

ಅಪ್ಪನ ಮುಖ ನೋಡಿದೆ. "ನಾ ಏನೂ ಕೇಳಿಲ್ರಿ" ಎಂದೆ.

ಶವಾಗಾರದಲ್ಲಿ ಅಕ್ಕೋರೊಬ್ಬರೇ ಆ ಹುಡುಗಿಯ ಮೈ ತೊಳೆದು, ಕೂದಲಿಗಂಟಿದ ಗಾರೆ ಬಿಡಿಸಿ ಜಡೆ ಹೆಣೆದರಂತೆ. ಮುಂದಿನ ಭಾನುವಾರ, ಸಮಾಧಿಯಿಂದ ಓಡಿಬಂದು ಸ್ವಾಮಿ ಮತ್ತೆ ಎದ್ದಿದ್ದಾನೆಂದ ಹೆಂಗಸರ ಮಾತನ್ನು ಶಿಷ್ಯರು ನಂಬದೆ ಹೋದ ಕಥೆ ಹೇಳಿದರು.

"ಆಮ್ಯಾಲ ನಂಬಿದ್ರಲ್ರಿ?" ಎಂದು ಒಂದು ಮಗು ಕೇಳಿತು.

"ತಾವು ಕಣ್ಣಾರೆ ನೋಡಿದ ಮ್ಯಾಲ ನಂಬಿದ್ರವ್ವ. ಇಲ್ಲಿ ನೋಡಿದವರೂ ಇಲ್ಲ ಅಂತಾರ."

ನನ್ನ ಕಡೆ ನೋಡಲಿಲ್ಲ. ಅದೇ ಅವರು ಹೇಳಿದ ಕೊನೆಯ ಕಥೆ.

ಆ ಮೇಸ್ತ್ರಿ ಅವರಿಗೆ ಮತ್ತೆ ಕೆಲಸ ಕೊಡಲಿಲ್ಲ. ಶೆಡ್ಡು ಬಿಟ್ಟುಹೋಗಿ ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಕಸ ಗುಡಿಸಿಕೊಂಡಿದ್ದರು. ನಾನು ಓದಿ ನರ್ಸಾದೆ. ಎಷ್ಟೋ ವರ್ಷಗಳ ಮೇಲೆ ಅವರು ಸರಕಾರಿ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಹೋದೆ. ಉಸಿರಿಗೆ ಒದ್ದಾಡುತ್ತಿದ್ದರು. ಅವತ್ತು ಸುಳ್ಳು ಹೇಳಿದೆ ಎಂದು ಅವರ ಕೈ ಹಿಡಿದುಕೊಂಡೆ.

"ನನಗ್ಯಾಕ ಹೇಳಾಕತ್ತಿ? ನನಗ ಗೊತ್ತೈತಿ. ಆ ಹುಡುಗಿ ತಾಯಿ ಅದಾಳ ಊರಾಗ. ಆಕಿಗೆ ಹೇಳು."

ಆ ವಾರವೇ ತೀರಿಕೊಂಡರು. ಮಣ್ಣು ಮಾಡಿದ ಮಾರನೆಯ ದಿನ ನಾನು ಆ ಊರಿನ ಬಸ್ಸು ಹತ್ತಿದೆ.

ತಾಯಿ ಎರಡು ವರ್ಷದ ಹಿಂದೆಯೇ ತೀರಿಹೋಗಿದ್ದಳು. ಪಕ್ಕದ ಮನೆಯ ಮುದುಕಿ ಹೇಳಿದಳು: "ನನ್ನ ಮಗಳು ತಲಿ ತಿರುಗಿ ಬೀಳಾಕಿ ಅಲ್ಲ ಅಂತ ಸಾಯೂತನಕ ಅಂತಿದ್ಳವ್ವ. ಹೆತ್ತ ಕರುಳು ಅಂತ ನಾವು ಸುಮ್ನಿದ್ವಿ."

ಹೇಳಲು ಬಂದದ್ದನ್ನು ಆ ಮುದುಕಿಗೇ ಹೇಳಿದೆ. ಎಲ್ಲ ಕೇಳಿಸಿಕೊಂಡು ಆಕೆ ಅಂದಳು: "ಇಷ್ಟು ಮಾತು ಹೇಳಾಕ ಇಷ್ಟು ವರ್ಷ ಬೇಕಾತೇನವ್ವ?"