ಹೊಸಹಳ್ಳಿಯ ನಾಟಕದ ರಿವಾಲ್ವರ್

ಹೊಸಹಳ್ಳಿಯ ಕಮ್ಮಾರ ಮೌನೇಶನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕುಂಟೆಯ ಕುಡ ತಟ್ಟಿಸಲು ಬಂದವರು "ಸ್ವಲ್ಪ ಲಗೂನ" ಅಂದರೆ ಸಾಕು, ಕಾಯಿಸಿದ ಕಬ್ಬಿಣವನ್ನು ಕೆಳಗಿಟ್ಟು "ನೀನ ಬಡ್ಕೋ ಬಾ" ಎನ್ನುವವನು. ಆದರೆ ಊರಲ್ಲಿ ನಾಟಕವೆಂದರೆ ಮನುಷ್ಯನೇ ಬೇರೆ. ರಾಜನ ಕತ್ತಿ, ಪೊಲೀಸಿನ ಬೇಡಿ, ಸಾಹುಕಾರನ ಊರುಗೋಲಿನ ಹಿಡಿ, ಎಲ್ಲ ಅವನ ಕುಲುಮೆಯಲ್ಲೇ ಹುಟ್ಟಬೇಕು. ಕುಂಟೆ, ಕುಡುಗೋಲು ಹೊಟ್ಟೆಗಾದರೆ ಇವು ಅವನ ಜೀವಕ್ಕೆ.

ತೊಂಬತ್ತೇಳರ ನಾಟಕದಲ್ಲಿ ರಿವಾಲ್ವರ್ ಒಂದನ್ನು ಮಾತ್ರ ಹೊರಗಿನಿಂದ ಬಾಡಿಗೆಗೆ ತಂದಿದ್ದರು. ಕಡೆಯ ಸೀನಿನಲ್ಲಿ ನಾಯಕಿ ಗುಂಡು ಹಾರಿಸಿದಳು, ಸದ್ದೇ ಬರಲಿಲ್ಲ. ಖಳನಾಯಕನ ಪಾತ್ರದ ಬೊಮ್ಮಪ್ಪ ಮಿಲಿಟರಿಯಿಂದ ನಿವೃತ್ತನಾಗಿ ಬಂದ ದಢೂತಿ ಆಳು. ಎದೆ ಹಿಡಿಯಲು ಕೈ ಎತ್ತಿಕೊಂಡು ಕಾದ, ಕಾದ, ಕೊನೆಗೆ ತಾನೇ "ಢಂ" ಅಂದು ಬಿದ್ದ. ಪೆಂಡಾಲ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಮುಂದೆ ಕೊಟ್ಟೂರು ಸಂತೆಗೆ ಹೋದರೂ ಅದೇ ಮಾತು: "ಏನಪಾ, ನಿಮ್ಮೂರಾಗ ಸಾಯೋರ ಬಾಯಿಲೆ ಢಂ ಅಂತಾರಂತಲ್ಲ?"

ಮರುವರ್ಷ ನಾಟಕದ ಮಾಸ್ತರು ಉಜ್ಜಿನಪ್ಪ ಮತ್ತೆ ಬಾಡಿಗೆಯ ಮಾತೆತ್ತಿದಾಗ ಮೌನೇಶ ಎಲ್ಲರೆದುರು ಗುಡಿಯ ಕಂಬಕ್ಕೆ ಗುದ್ದಿದ.

"ಮಾಸ್ತರ, ರಿವಾಲ್ವರ್ ನಾ ಮಾಡ್ತೀನಿ. ಅದು ಸದ್ದು ಮಾಡ್ಲಿಲ್ಲಂದ್ರ ಇನ್ನ ಮುಂದ ನಿಮ್ಮ ನಾಟಕಕ್ಕ ಒಂದು ಮೊಳಿ ಸೈತ ಬಡಿಯಾಂಗಿಲ್ಲ. ಕುಲುಮಿ ಮ್ಯಾಲಿನ ಆಣಿ!"

ಕುಲುಮೆಯ ಆಣೆ ಇಟ್ಟ ಕಮ್ಮಾರ ಹಿಂದೆ ಸರಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು.

ಬೊಮ್ಮಪ್ಪ ನಿಜವಾದ ರಿವಾಲ್ವರನ್ನು ಕೈಯಲ್ಲಿ ಹಿಡಿದಿದ್ದವನು. ಕುಲುಮೆಯ ಮುಂದೆ ಕುಂತು ನೆಲದ ಬೂದಿಯಲ್ಲಿ ಚಿತ್ರ ಬರೆದು ತೋರಿಸಿದ. ನಡುವೆ ಗುಂಡು ಕೂರುವ ಆರು ಮನೆಗಳ ಉರುಳೆ, ಹಿಂದೆ ಹೆಬ್ಬೆರಳಿನಿಂದ ಎಳೆಯುವ ಕುದುರೆ. ಕುದುರೆ ಎಳೆದರೆ ಉರುಳೆ ಒಂದು ಮನೆ ಮುಂದಕ್ಕೆ ತಿರುಗುತ್ತದೆ.

"ಉರುಳಿ ಮ್ಯಾಲೆ ಉದ್ದಕ ಕಾಲುವಿ ತೋಡ್ಯಾರಲ್ಲ, ಅದು ಚಂದಕ್ಕೇನು?" ಮೌನೇಶ ಕೇಳಿದ.

"ಚಂದಕ್ಕಂತ ಅದರಾಗ ಏನೂ ಮಾಡಿಲ್ಲಲೇ. ಕಾಲುವಿ ತೋಡಿದ್ರ ಭಾರ ಕಡಿಮಿ ಆಕ್ಕತಿ. ಕುದುರಿ ಮ್ಯಾಲೆ ಗೀರು ಹಾಕ್ಯಾರ, ಹೆಬ್ಬೆಟ್ಟು ಜಾರಬಾರದಂತ. ಹಿಡಿ ಬಾಗೈತಿ, ಮುಂಗೈ ನೆಟ್ಟಗ ನಿಲ್ಲಲಿ ಅಂತ. ನೋಡಾಕ ಚಂದ ಅನಸ್ತೈತಿ, ಅದು ಬ್ಯಾರೆ ಮಾತು."

ಮೌನೇಶ ಕೇಳಿಸಿಕೊಂಡ, ಒಪ್ಪಲಿಲ್ಲ. ಚಂದವಿಲ್ಲದ ಸಾಮಾನು ಅವನ ಕೈಯಿಂದ ಹೊರಬಿದ್ದದ್ದೇ ಇಲ್ಲ.

ನಳಿಗೆಗೆ ತೂತಿಲ್ಲದ ಗಟ್ಟಿ ಸರಳನ್ನೇ ಹಾಕಿದ. ನಾಳೆ ಪೊಲೀಸರು ಕೇಳಿದರೆ ಆಟದ ಸಾಮಾನು ಎಂದು ತೋರಿಸಬೇಕಲ್ಲ. ಉರುಳೆಯ ಮನೆಗಳಿಗೆ ದೀಪಾವಳಿಯಲ್ಲಿ ಮಕ್ಕಳು ಹೊಡೆಯುವ ಪಟಾಕಿ ಟಿಕಳಿ ಇಟ್ಟ. ಸದ್ದು ಹೊರಬರಲೆಂದು ಉರುಳೆಯ ಕಾಲುವೆಗಳಲ್ಲಿ ಸೀಳು ಬಿಟ್ಟ. ಜಾಲಿ ಕಟ್ಟಿಗೆಯ ಹಿಡಿ ಕೂರಿಸಿ ಒಂದು ಸಲ ಹೊಡೆದು ನೋಡಿದಾಗ ಹಿತ್ತಲಿನ ಕೋಳಿಗಳೆಲ್ಲ ಮಾಡು ಹತ್ತಿದವು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅವನ ಕೈ ಸುಮ್ಮನಿರಲಿಲ್ಲ. ತೆಳು ಹಿತ್ತಾಳೆ ತಗಡಿನ ಮೇಲೆ ಬಳ್ಳಿ ಕೆತ್ತಿ, ಉರುಳೆಯ ಸುತ್ತ ಸುತ್ತಿ ಸಣ್ಣ ತಿರುಪು ಬಿಗಿದ. ಕುದುರೆಯ ತಲೆಗೆ ಎಸಳು ಬಿಡಿಸಿದ ಹಿತ್ತಾಳೆ ಹೂವು ಬೆಸೆದ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಅದು ದೇವರ ಮುಂದಿನ ಆರತಿಯ ಹಾಗೆ ಹೊಳೆಯಿತು. ಇನ್ನೊಮ್ಮೆ ಹೊಡೆದು ನೋಡಬೇಕೆಂದು ಅವನಿಗೆ ಅನಿಸಲೇ ಇಲ್ಲ. ಒಮ್ಮೆ ಕೂಗಿದ್ದು ಮತ್ತೆ ಕೂಗದೆ ಎಲ್ಲಿಗೆ ಹೋದೀತು?

ನಾಟಕ ಅಮಾವಾಸ್ಯೆಯ ದಿನ. ನಾಯಕಿಯ ಪಾತ್ರಕ್ಕೆ ಹರಪನಹಳ್ಳಿ ಕಡೆಯಿಂದ ಗೊತ್ತು ಮಾಡಿದ್ದ ದುರ್ಗಾ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಇಂಥ ಕಲಾವಿದೆಯರಿಗೆ ಆ ದಿನದ ಒಂದೇ ತಾಲೀಮು. ರಿವಾಲ್ವರ್ ಕೈಗೆ ತೆಗೆದುಕೊಂಡು ಅವಳು ಕುದುರೆ ಎಳೆದಳು. ಹೂವಿನ ಎಸಳು ಹೆಬ್ಬೆರಳಿಗೆ ಚುಚ್ಚಿತು. ಹಲ್ಲು ಕಚ್ಚಿ ಟ್ರಿಗರ್ ಒತ್ತಿದಳು. "ಟುಸ್" ಅಂದಿತು.

ಉಜ್ಜಿನಪ್ಪ ತಲೆಯ ಮೇಲೆ ಕೈ ಹೊತ್ತ. ದುರ್ಗಾ ಬೆರಳು ಚೀಪುತ್ತ, "ಅಣ್ಣಾರ, ಇದನ್ನ ಮುಡಕೋಬೇಕೋ, ಹೊಡೀಬೇಕೋ?" ಅಂದಳು.

"ಹಿಡಿಯಾಕ ಬರ್ಬೇಕವ್ವ!" ಎಂದು ಗದರಿ ಅದನ್ನು ಕಸಿದುಕೊಂಡು ಮೌನೇಶ ದಡದಡನೆ ಮನೆಗೆ ನಡೆದ. ದಾರಿಯಲ್ಲೇ ಅವನಿಗೆ ಹೊಳೆದಿತ್ತು. ಸೀಳುಗಳನ್ನು ತಗಡು ಮುಚ್ಚಿದೆ, ಸದ್ದು ಒಳಗೇ ಸತ್ತಿದೆ. ತಪ್ಪು ಅವಳದ್ದಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

ಬಾಗಿಲಲ್ಲಿ ಹೆಂಡತಿ ಗೀತಮ್ಮ ಅಡ್ಡ ನಿಂತಳು. ಅಮಾವಾಸ್ಯೆಗೆ ಕಮ್ಮಾರರ ಕುಲುಮೆ ಹೊತ್ತುವುದಿಲ್ಲ. ಸುತ್ತಿಗೆ, ಇಕ್ಕಳ, ಅರ, ಉಳಿ ಎಲ್ಲ ವಿಭೂತಿ ಬಳಿಸಿಕೊಂಡು ದೇವರ ಮುಂದೆ ಕುಂತಿದ್ದವು.

"ಮುಟ್ಟಬ್ಯಾಡ್ರಿ, ಹೇಳೀನಿ!"

"ಮರ್ಯಾದಿ ಹೋಕ್ಕತಿ, ಸರೀಲೇ!"

"ಸಾಮಾನು ಮುಟ್ಟಿದ್ರ ಮರ್ಯಾದಿ ಉಳದ್ರೂ ಮನಿ ಉಳಿಯಾಂಗಿಲ್ಲ. ಈಗ ಅದಕ್ಕ ಏನು ಹಚ್ಚಬೇಕು?"

"ಹಚ್ಚೋದೇನೂ ಇಲ್ಲ. ಕೀಳಬೇಕು."

"ಕೀಳಾಕ ಕುಲುಮಿ ಯಾಕ ಬೇಕ್ರಿ?" ಎಂದು ಒಳಗೆ ಹೋಗಿ ಬದನೆಕಾಯಿ ಹೆಚ್ಚುವ ಚಾಕು ತಂದು ಕೈಗಿಟ್ಟಳು.

ಚಾಕುವಿನ ತುದಿಯಿಂದ ತಿರುಪು ಬಿಚ್ಚಿದ. ಹದಿನೈದು ದಿನ ಕುಂತು ಕೆತ್ತಿದ ಬಳ್ಳಿ ಕೈಗೆ ಬಂದಾಗ ಅದನ್ನು ಪಂಚೆಗೆ ಒರೆಸಿ ಜೇಬಿಗೆ ಇಳಿಸಿದ. ಕುದುರೆಯ ಹೂವು ಮಾತ್ರ ಬೆಸುಗೆಯದು, ಚಾಕುವಿಗೆ ಬಗ್ಗಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಇಟ್ಟು ತಿಕ್ಕತೊಡಗಿದ. ಎಸಳು ಸವೆದು ಕುದುರೆಯ ತಲೆ ಒರಟೊರಟಾಗಿ ಉಳಿಯಿತು. ನುಣುಪು ಮಾಡೋಣವೆಂದರೆ ಅರ ದೇವರ ಮುಂದಿದೆ. ಹೆಬ್ಬೆರಳು ಇಟ್ಟು ಎಳೆದು ನೋಡಿದ. ಬೆರಳು ಜಾರಲಿಲ್ಲ.

ಆಗ ರಿವಾಲ್ವರನ್ನು ಬಿಸಿಲಿಗೆ ಹಿಡಿದ. ಕಪ್ಪು ಉರುಳೆ, ಅದರ ಮೇಲೆ ನೆಟ್ಟಗೆ ಇಳಿದ ಕಾಲುವೆಗಳು, ಬಾಗಿದ ಹಿಡಿ. ಕಣ್ಣನ್ನು ತಡೆಯುವ ಬಳ್ಳಿ, ಹೂವು ಯಾವುದೂ ಇರಲಿಲ್ಲ. ನೋಡಿದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕೆನಿಸುವ ಹಾಗಿತ್ತು.

"ಈಗ ಅಂಜಿಕಿ ಬರ್ತೈತ್ರಿ ನೋಡಿದ್ರ," ಅಂದಳು ಗೀತಮ್ಮ.

"ಬರ್ಬೇಕಲ್ಲ! ರಿವಾಲ್ವರ್ ಅದು!" ಎಂದು ಎದೆಯುಬ್ಬಿಸಿ ಮೌನೇಶ ಉಳಿದ ಟಿಕಳಿಗಳನ್ನು ಉರುಳೆಯ ಮನೆಗೆ ಒಂದರಂತೆ ತುಂಬಿಸಿದ. ಪರೀಕ್ಷೆಗೆ ಒಂದೂ ಮಿಗಲಿಲ್ಲ.

ಹಳ್ಳಿಯ ನಾಟಕದ ಕಡೆಯ ಸೀನು ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಹೆಂಗಸರು ಮಲಗಿದ ಮಕ್ಕಳನ್ನು ತಟ್ಟಿ ಎಬ್ಬಿಸಿದರು. ಈ ವರ್ಷ ಢಂ ಅನ್ನುವವರು ಯಾರು ಎಂದು ನೋಡಲೆಂದೇ ಕೊಟ್ಟೂರಿನಿಂದ ಬಂದವರು ಮುಂದೆ ಸರಿದು ಕುಂತರು. ಮೌನೇಶ ಪರದೆಯ ಸಂದಿಯಲ್ಲಿ ನಿಂತಿದ್ದ.

ದುರ್ಗಾ ಈ ಸಲವೂ ಖಳನಾಯಕನಾಗಿದ್ದ ಬೊಮ್ಮಪ್ಪನ ಎದುರು ಸೊಂಟದಿಂದ ರಿವಾಲ್ವರ್ ಸೆಳೆದಳು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕುದುರೆ ಎಳೆದಳು. ಟ್ರಿಗರ್ ಒತ್ತಿದಳು. "ಟಕ್" ಅಂತಷ್ಟೇ ಅಂದಿತು. ಥಂಡಿ ಹಿಡಿದ ಟಿಕಳಿ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೌನೇಶನ ಕೈ ಪರದೆಯನ್ನು ಹಿಂಡಿತು. ದುರ್ಗಾ ಮಾತ್ರ ಕಣ್ಣು ಮಿಟುಕಿಸಲಿಲ್ಲ. "ಒಂದು ಮನಿ ಖಾಲಿ ಇದ್ರೇನೋ ಪಾಪಿ, ಇನ್ನ ಐದು ಅದಾವ!" ಎಂದು ತಾನೇ ಮಾತು ಕಟ್ಟಿ, ತೋಳು ಚಾಚಿ, ಎಲ್ಲರಿಗೂ ಕಾಣುವಂತೆ ನಿಧಾನವಾಗಿ ಮತ್ತೆ ಕುದುರೆ ಎಳೆದಳು. ಉರುಳೆ ಕಟಕ್ಕನೆ ತಿರುಗಿತು. ಪೆಂಡಾಲು ಉಸಿರು ಬಿಗಿಹಿಡಿಯಿತು.

ಢಂ!

ಕಾಲುವೆಯ ಸೀಳುಗಳಿಂದ ಕಿಡಿ ಹಾರಿತು, ಹೊಗೆ ಎದ್ದಿತು, ಗುಡಿಯ ಮೇಲಿನ ಪಾರಿವಾಳಗಳು ಒಟ್ಟಿಗೇ ಹಾರಿದವು. ಬೊಮ್ಮಪ್ಪ ಎದೆ ಹಿಡಿಯುವುದನ್ನು ಮರೆತು ಎರಡೂ ಕಿವಿ ಮುಚ್ಚಿಕೊಂಡು ಉರುಳಿದ. ಶಿಳ್ಳೆಗೆ ಕೊನೆಯೇ ಇರಲಿಲ್ಲ.

ಬಿದ್ದಲ್ಲಿಂದಲೇ ಅವನು ಪರದೆಯತ್ತ ಹೊರಳಿ ಪಿಸುಗುಟ್ಟಿದ: "ಲೇ ಮೌನೇಶಿ, ನನ್ನ ಕಿವಿ ಹೋತಲೇ!"

"ಸತ್ತಾವ ಮಾತಾಡಬಾರದು," ಅಂದ ಮೌನೇಶ. "ಸುಮ್ನ ಬಿದ್ಕೋ."