ಹಲ್ಲಿಗೆ ಸಿಕ್ಕ ಶ್ರುತಿ

ಬೆಳಗಿನ ಐದೂವರೆ. ಬೋರಿ ಊರಿನ ಸಭಾಗೃಹದಲ್ಲಿ ಗುರುದಾಸ ಚಾರಿ ಕಾಲುತಿದಿಯ ಹಳೆಯ ಆರ್ಗನ್ನಿನ ಮುಂದೆ ಬಗ್ಗಿ, ಅದರ ತೇಗದ ಹಲಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಾರೆ. ಕಾಲು ತಿದಿ ತುಳಿಯುತ್ತಿದೆ, ಬೆರಳು ಒಂದೇ ಸ್ವರವನ್ನು ಒತ್ತಿದೆ. ಸುದ್ದಿ ಕೇಳಿ, ಪತ್ರಿಕೆಗೆ ಬರೆಯಲೆಂದೇ ಬಂದಿದ್ದೆ. ಆದರೂ ಕಣ್ಣಾರೆ ಕಂಡಾಗ ಬಾಗಿಲಲ್ಲೇ ನಿಂತುಬಿಡುತ್ತೇನೆ.

ಹೆಗಲು ಮುಟ್ಟಿದಾಗ ತಿರುಗಿ, ಊರಿನ ವಾಡಿಕೆಯಂತೆ ಗೌರವದಿಂದ 'ಬಾಬ್' ಎಂದು ಕರೆಯುತ್ತಾರೆ. "ಎದುರಿಗೆ ಬಂದು ಮಾತಾಡಿ ಬಾಬ್. ಕಿವಿ ಹೋಗಿದೆ. ತುಟಿ ನೋಡ್ಬೇಕು."

ಅರವತ್ತಮೂರರ ಗುರುದಾಸ ಇಪ್ಪತ್ತೆರಡು ವರ್ಷ ಮಾಂಡವಿ ನದಿಯಲ್ಲಿ ಅದಿರು ಸಾಗಿಸುವ ಬಾರ್ಜಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಆ ಸದ್ದು ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದಿತು. ಹನ್ನೊಂದು ವರ್ಷದ ಹಿಂದೆ ಪೂರ್ತಿ ನಿಶ್ಶಬ್ದ. ಊರಿನ ನಾಟಕ ಮಂಡಳಿಯ ಆರ್ಗನ್ನಿಗೆ ಶ್ರುತಿ ಕೂರಿಸುವ ಕೆಲಸವನ್ನು ಮಾತ್ರ ಬಿಡಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಎಪ್ಪತ್ತೆಂಟು ಹಿತ್ತಾಳೆಯ ರೀಡುಗಳು, ಸ್ವರಕ್ಕೆ ಎರಡರಂತೆ. ಸಮುದ್ರದ ಗಾಳಿಗೆ ದಿನವೂ ಐದಾರು ಹದಗೆಡುತ್ತವೆ; ಅವನ್ನು ತುಸುತುಸುವೇ ಕೆರೆದು ಜೋಡಿಗೆ ಕೂಡಿಸಬೇಕು. "ಜೋಡಿ ಕೂಡದಿದ್ರೆ ಹಲ್ಲು ನಡುಗುತ್ತೆ. ಕೂಡಿದ್ರೆ ನಡುಕ ನಿಲ್ಲುತ್ತೆ. ಅಷ್ಟೇ ವಿದ್ಯೆ," ಎನ್ನುತ್ತಾರೆ.

ಕಳೆದ ಗುರುವಾರ ತಾಲೀಮಿನಲ್ಲಿ ಅರಮನೆಯ ಚಿತ್ರದ ಪರದೆ, ಬಿದಿರಿನ ಗಳು ಸಮೇತ, ಅವರ ಬೆನ್ನ ಹಿಂದೆ ಒಂದು ಮೊಳ ಆಚೆ ಕಳಚಿ ಬಿತ್ತು. ಎಲ್ಲರೂ ಚೀರಿದರು. ಗುರುದಾಸ ರೀಡು ಕೆರೆಯುತ್ತಲೇ ಇದ್ದರು. ಎಂಟು ವರ್ಷದ ಹಿಂದೆ ಮಂಡಳಿ ಸೇರಿ ನಾಯಕಿಯ ಪಾತ್ರ ಹಾಡುತ್ತಿರುವ ಪಂಚಾಯಿತಿ ಗುಮಾಸ್ತೆ ಪ್ರಶೀಲಾ ನಾಯ್ಕ ಓಡಿ ಬಂದು ಅವರ ಮುಖ ಹಿಡಿದು ತಿರುಗಿಸಿದರು.

"ಮಾಮಾ, ಕೇಳ್ಸಲ್ವಾ ನಿಮ್ಗೆ?"

"ಇಲ್ಲ ಮಗಳೇ."

"ಒಬ್ರಿಗೂ ಹೇಳ್ಲಿಲ್ವಲ್ಲ!"

"ಹೇಳಿದ್ರೆ ಬಾಗಿಲು ತೋರಿಸ್ತಿದ್ರಿ."

ಮಂಡಳಿಯ ಮುಖ್ಯಸ್ಥ ರೋಹಿದಾಸ ಮುಂದೆ ಬಂದರು: "ಕಿವಿ ಕೇಳದವನ ಕೈಯಲ್ಲಿ ನಮ್ಮ ಶ್ರುತಿ! ಊರು ನಗುತ್ತೆ. ಕೀಬೋರ್ಡ್ ತರ್ಸೋಣ."

"ಹಾಗಾದ್ರೆ ಹಾಡನ್ನೂ ಅದ್ರ ಕೈಲೇ ಹಾಡ್ಸಿ," ಎಂದು ಪ್ರಶೀಲಾ ಸಿಡಿದರು. "ಬೇಕಿದ್ರೆ ಪರೀಕ್ಷೆ ಮಾಡಿ ನೋಡಿ."

ಗುರುದಾಸರನ್ನು ಹೊರಗೆ ಕಳಿಸಿ ರೋಹಿದಾಸ ತಾವೇ ಸೂಜಿಯಿಂದ ಒಂದು ರೀಡು ಕೆರೆದರು. ಒಳಬಂದ ಗುರುದಾಸ ಹಲಗೆ ಕಚ್ಚಿ ಒಂದೊಂದೇ ಸ್ವರ ಒತ್ತುತ್ತ ಹೋದರು. ಇಪ್ಪತ್ತೇಳನೆಯದರಲ್ಲಿ ಬೆರಳು ನಿಂತಿತು. "ಇದು ಬೆಳಿಗ್ಗೆ ಹೀಗಿರ್ಲಿಲ್ಲ. ಯಾರೋ ಬುಡ ಕೆರೆದಿದೀರಿ."

ರೋಹಿದಾಸ ಸೂಜಿಯನ್ನು ಅವರ ಕೈಗಿಟ್ಟರಂತೆ. ಕೀಬೋರ್ಡಿನ ಮಾತು ಮತ್ತೆ ಬರಲಿಲ್ಲ.

ಇವತ್ತು ಸಂಜೆ ನೂರು ವರ್ಷ ಹಳೆಯ ಸಂಗೀತ ನಾಟಕದ ಪ್ರಯೋಗ. ಸಭಾಗೃಹ ತುಂಬಿದೆ. ಪ್ರಶೀಲಾ ಹಾಡುವಾಗ ಗುರುದಾಸ ಪಕ್ಕದ ಪರದೆಯ ಮರೆಯಲ್ಲಿ ಬೇರೊಬ್ಬರು ನುಡಿಸುತ್ತಿರುವ ಆರ್ಗನ್ನಿನ ಬೆನ್ನಿಗೆ ಅಂಗೈ ಒತ್ತಿ ನಿಂತಿದ್ದಾರೆ. ಆಗಲೇ ನನಗೆ ಲೆಕ್ಕ ಹೊಳೆಯುತ್ತದೆ: ಅವರ ಕಿವಿ ಹೋಗಿ ಹನ್ನೊಂದು ವರ್ಷ, ಈಕೆ ಬಂದು ಎಂಟು; ಈಕೆಯ ಒಂದು ಹಾಡನ್ನೂ ಅವರು ಕೇಳಿಯೇ ಇಲ್ಲ.

ಜನ ಎದ್ದು 'ವನ್ಸ್ ಮೋರ್' ಎಂದು ಕೂಗುತ್ತಾರೆ. ಈ ಹಾಡು ಕೇಳಿಸದ್ದಕ್ಕೆ ಬೇಸರವಾಗುವುದಿಲ್ಲವೇ ಎಂದು ಗುರುದಾಸರ ಎದುರು ನಿಂತು ಕೇಳುತ್ತೇನೆ. ಅವರು ನನ್ನ ತುಟಿ ಓದಿ, ಸಭೆಯತ್ತ ಕೈ ತೋರಿಸುತ್ತಾರೆ.

"ನೋಡಿ ಬಾಬ್. ಎಲ್ರೂ ಅವಳನ್ನೇ ನೋಡ್ತಿದಾರೆ. ಶ್ರುತಿ ತಪ್ಪಿದ್ರೆ ಜನ ಆರ್ಗನ್ ಕಡೆ ತಿರುಗ್ತಾರೆ. ಒಬ್ರಾದ್ರೂ ತಿರುಗಿದ್ರಾ?"