ಎರಡನೆಯ ಬದಿಯ ಕೊನೆಯ ಹಾಡು

2014ರಲ್ಲಿ ಬ್ಯಾಂಕು ನನ್ನನ್ನು ಧಾರವಾಡದಿಂದ ಎತ್ತಿ ವಿಶಾಖಪಟ್ಟಣಕ್ಕೆ ಹಾಕಿತು. ಮಕ್ಕಳ ಶಾಲೆಗಾಗಿ ಹೆಂಡತಿ ಊರಲ್ಲೇ ಉಳಿದಳು. ನಾನು ಸಿಂಹಾಚಲಂ ರಸ್ತೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗೆ ನಿಂತೆ. ಕೆಳಗೆ ಯಜಮಾನರು ಮತ್ತು ಅವರ ಹೆಂಡತಿ. ಯಜಮಾನರ ತಾಯಿ ಬಳ್ಳಾರಿ ಕಡೆಯವರಂತೆ. ಆಕೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕನ್ನಡ ಆಡುವವರೇ ಇರಲಿಲ್ಲ. ಹಾಗಾಗಿ ನಾನು ಸಿಕ್ಕಿದ್ದು ಅವರಿಗೆ ಖುಷಿಯೇ. ನನಗೂ ಪರ ಊರಿನಲ್ಲಿ ಒಂದು ಮನೆ ಬೇಕಾಗಿತ್ತು.

ಹಡಗಿನ ಎಂಜಿನ್ ರಿಪೇರಿಯಲ್ಲಿ ಮೂವತ್ತು ವರ್ಷ ಕಳೆದ ಆ ಮನುಷ್ಯನಿಗೆ ಒಂದೇ ಹುಚ್ಚು. ಯಾವಾಗಲೋ ಒಡೆದುಹೋದ ಒಂದು ಇಂಗ್ಲಿಷ್ ರಾಕ್ ತಂಡ. ಬಂದರಿಗೆ ಬಂದ ನಾವಿಕರಿಂದ ಕೊಂಡ ಅದರ ರೆಕಾರ್ಡುಗಳನ್ನೆಲ್ಲ ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು. ಭಾನುವಾರ ಬೆಳಿಗ್ಗೆ ಪೆಸರಟ್ಟು ತಿಂದ ಮೇಲೆ ನಮ್ಮ ಹಾಡಿನ ಕಛೇರಿ ಶುರುವಾಗುತ್ತಿತ್ತು. ನನಗೆ ಗೊತ್ತಿದ್ದದ್ದು ಆ ತಂಡದ ಎರಡೇ ಹಾಡು: ಕಾಲೇಜಿನಲ್ಲಿ ಗಿಟಾರು ಹಿಡಿದವರೆಲ್ಲ ಕೆಡಿಸುತ್ತಿದ್ದ ಒಂದು, ಜನರಿಂದ ಚಪ್ಪಾಳೆ ಹೊಡೆಸಲು ಎಲ್ಲೆಲ್ಲೂ ಹಾಕುವ ಇನ್ನೊಂದು. ಅವನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಎರಡನೆಯ ವರ್ಷ ಒಂದು ಭಾನುವಾರ ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಒಂದು ಹಾಡು ಹಾಕಿದರು. ರೆಕಾರ್ಡಿನ ಎರಡನೆಯ ಬದಿಯ ಕೊನೆಯದು. ಮೂರನೆಯ ಚರಣದ ಹಿಂದೆ ದೂರದಲ್ಲಿ ಸಣ್ಣ ಗಂಟೆಯೊಂದು ಎರಡು ಸಲ ಬಡಿಯುತ್ತದೆ. ಮುಗಿದ ಮೇಲೆ ಕೇಳಿದರು:

"ಗಂಟೆ ಕೇಳಿಸ್ತಾ ಅಂಡಿ? ಗೊತ್ತಿರೋ ಹಾಡಾದ್ರೆ ಕಿವಿಗೆ ಬೀಳ್ದಿದ್ರೂ ತಲೆ ತುಂಬ್ಕೊಂಡ್ಬಿಡುತ್ತೆ ಸಾರ್. ಅದಕ್ಕೇ ಏಳೆಂಟು ವರ್ಷದಿಂದ ಹಾಕ್ದೇ ಇದ್ದ ಇದನ್ನ ಹಾಕಿ ನೋಡ್ದೆ. ನಂಗೆ ಕೇಳಿಸ್ಲಿಲ್ಲ."

ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಅವರ ಮುಖ ಬಿಳಚಿಕೊಂಡಿತ್ತು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಇಲ್ಲರಿ ಅಣ್ಣಾರ, ನನಗೂ ಕೇಳಸಲಿಲ್ಲ. ರೆಕಾರ್ಡ್ ಸವದಿರಬೇಕು" ಎಂದೆ.

ಅವರ ಮುಖಕ್ಕೆ ಜೀವ ಬಂತು. ಹೆಂಡತಿ ನನಗೆ ಇನ್ನೊಂದು ಲೋಟ ಕಾಫಿ ಕೊಟ್ಟರು. ಎಂಥ ದೊಡ್ಡ ಉಪಕಾರ ಮಾಡಿದೆನೆಂದು ನನಗೆ ಹೆಮ್ಮೆಯೇ ಆಯಿತು.

ಆಮೇಲೆ ರಿಪೇರಿ ಶುರುವಾಯಿತು. ಮೊದಲು ಪ್ಲೇಯರಿನ ಮುಳ್ಳು ಬದಲಾಯಿತು, ನಂತರ ವೈರು, ನಂತರ ಸ್ಪೀಕರು. ಭೀಮುನಿಪಟ್ಟಣದಲ್ಲಿ ಯಾರದೋ ಹತ್ತಿರ ಅದೇ ರೆಕಾರ್ಡು ಇದೆಯೆಂದು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಅದನ್ನೂ ತಂದು ಹಾಕಿದರು. ಪ್ರತಿ ಸಲ ನನ್ನ ಕಡೆ ತಿರುಗುತ್ತಿದ್ದರು. ಪ್ರತಿ ಸಲ ನಾನು ತಲೆಯಾಡಿಸಿ ಇಲ್ಲವೆನ್ನುತ್ತಿದ್ದೆ. ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕು ಸುತ್ತಲಿನದ್ದನ್ನೆಲ್ಲ ಬಿಚ್ಚಿ ನೋಡಿದರು, ಕಿವಿಯೊಂದನ್ನು ಬಿಟ್ಟು. ಒಮ್ಮೆ ಸುಳ್ಳು ಹೇಳಿದ ಮೇಲೆ ನಿಜ ಹೇಳುವುದು ಯಾವ ಭಾನುವಾರವೂ ಸುಲಭವಾಗಲಿಲ್ಲ. ಟಿ.ವಿ.ಯ ಸದ್ದು ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು.

2017ರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಮರುವರ್ಷ ಅವರ ಹೆಂಡತಿ ಫೋನು ಮಾಡಿದರು: ಈಗ ಮಾತೂ ಸರಿಯಾಗಿ ಕೇಳಿಸುತ್ತಿಲ್ಲ, ವಿಜಯವಾಡದಲ್ಲಿ ಒಳ್ಳೆಯ ಕಿವಿ ಡಾಕ್ಟರಿದ್ದಾರಂತೆ, ನೀವು ಮನೆಯವರಿದ್ದಂತೆ, ಸ್ವಲ್ಪ ಜೊತೆಗೆ ಹೋಗಿ. ನಾನು ರಜೆ ಹಾಕಿ ಹೋದೆ.

ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರು ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದರು. ಯಜಮಾನರು ಒಂದು ವರ್ಷವೆಂದರು. ಅದಕ್ಕೆ ಮೊದಲೂ ಒಂದು ಹಾಡಿನಲ್ಲಿ ಅನುಮಾನ ಬಂದಿತ್ತು, ಆದರೆ ಅದು ರೆಕಾರ್ಡಿನ ದೋಷ, ಈ ಸಾರ್‌ಗೂ ಕೇಳಿಸಿರಲಿಲ್ಲ ಎಂದು ನನ್ನನ್ನು ತೋರಿಸಿದರು. ಡಾಕ್ಟರು ನನ್ನನ್ನು ಒಂದು ಕ್ಷಣ ನೋಡಿದರು. ಆಗಲೇ ಬಂದು ಮಿಷನ್ ಹಾಕಿದ್ದರೆ ಕಿವಿಗೆ ರೂಢಿಯಾಗುತ್ತಿತ್ತು, ಈಗ ಹಾಕಿದರೆ ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ಕೇಳಿಸುವುದು ಕಷ್ಟ, ಹಾಡಂತೂ ಹೇಳಲಾರೆ ಎಂದರು. ಅದನ್ನು ಕಾಗದದ ಮೇಲೆ ತೆಲುಗಿನಲ್ಲಿ ಬರೆದೂ ಕೊಟ್ಟರು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರು ಆ ಕಾಗದ ಓದುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಣ್ಣಾರ, ಆವತ್ತ ನನಗ ಗಂಟಿ ಕೇಳಿಸಿತ್ತರಿ."

ಅವರು ಕಿವಿಗೆ ಕೈ ಒಡ್ಡಿದರು. ಇನ್ನೊಮ್ಮೆ ಕೂಗಿ ಹೇಳಬೇಕಾಯಿತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ನಾಚಿಕೆಯಿಂದ ನನ್ನ ಕಣ್ಣು ತುಂಬಿ ಬಂತು. ಅವರು ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.

"ನಮ್ಮಾಕೆನ್ನ ಕೇಳಿದ್ರೆ ನನ್ನ ಮನಸ್ಸು ನೋಯುತ್ತೆ ಅಂತ ಏನೋ ಒಂದು ಹೇಳ್ತಾಳೆ ಸಾರ್. ನೀವು ಹೊರಗಿನವರು, ಇದ್ದದ್ದು ಹೇಳ್ತೀರಿ ಅನ್ಕೊಂಡೆ. ಅದಕ್ಕೇ ನಿಮ್ಮನ್ನ ಕೇಳಿದ್ದು."

ನಾನೋ, ಅಷ್ಟು ವರ್ಷವೂ ಆ ಮನೆಯವನಾಗಲು ಒದ್ದಾಡಿದ್ದೆ.